ಫ್ಯೂಸ್ ಸುಟ್ಟರೆ ತಂತಿ ದಪ್ಪ ಮಾಡಬೇಡಿ
(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣ)



ನಾನು ಮೊದಲು ಶಾಲೆಯ ಮೇಷ್ಟ್ರು. ಹುಡುಗನ ಲೆಕ್ಕ ತಪ್ಪಿದರೆ ಉತ್ತರವನ್ನಷ್ಟೇ ತಿದ್ದಿ ಕಳಿಸುತ್ತಿರಲಿಲ್ಲ. ಎಲ್ಲಿ ತಪ್ಪಿದನೆಂದು ಹುಡುಕುತ್ತಿದ್ದೆ. ಇಲ್ಲವಾದರೆ ನಾಳೆಯೂ ಅದೇ ತಪ್ಪು. ಯಂತ್ರದ ವಿಷಯವೂ ಹೀಗೆಯೇ.

ಹಿಟ್ಟಿನ ಗಿರಣಿಯಲ್ಲಿ ಫ್ಯೂಸ್ ಸುಟ್ಟಿತೆನ್ನಿ. ತಂತಿ ಹಾಕಿದರು, ಮತ್ತೆ ಸುಟ್ಟಿತು. ರೋಸಿಹೋಗಿ ದಪ್ಪ ತಂತಿ ಹಾಕಿದರು. ಈ ಸಲ ಫ್ಯೂಸ್ ಉಳಿಯಿತು, ಮೋಟಾರೇ ಸುಟ್ಟಿತು! ಫ್ಯೂಸ್ ಸುಟ್ಟದ್ದೇಕೆ? ಮೋಟಾರಿಗೆ ಭಾರ ಹೆಚ್ಚಾಗಿತ್ತು. ಅದೇಕೆ? ಬೇರಿಂಗ್ ಬಿಗಿದಿತ್ತು. ಅದೇಕೆ? ಎಣ್ಣೆ ಇಳಿದಿರಲಿಲ್ಲ. ಅದೇಕೆ? ಎಣ್ಣೆಯ ತೂತಿನಲ್ಲಿ ಹಿಟ್ಟು ಕಟ್ಟಿತ್ತು. ತೂತಿಗೊಂದು ಮುಚ್ಚಳವಿದ್ದಿದ್ದರೆ ಮೋಟಾರು ಉಳಿಯುತ್ತಿತ್ತು.

ನಾವು ಓದದವರು, ಅದಕ್ಕೇ ಹೀಗೆ ಎನ್ನಬೇಡಿ. ದೊಡ್ಡ ಇಂಜಿನಿಯರುಗಳೂ ಹೀಗೆಯೇ ಎಡವಿದ್ದಾರೆ. ಇಂಗ್ಲೆಂಡಿನ ‘ಕಾಮೆಟ್’ ಜೆಟ್ ವಿಮಾನ 1952ರಲ್ಲಿ ಪ್ರಯಾಣಿಕರನ್ನು ಹೊತ್ತು ಹಾರತೊಡಗಿತು. ಅದೇ ವರ್ಷ ರೋಮಿನಲ್ಲಿ ಒಂದು ವಿಮಾನ ಮೇಲೇಳಲಾರದೆ ನೆಲದಲ್ಲೇ ಮುರಿಯಿತು. ಚಾಲಕನ ತಪ್ಪೆಂದರು. 1953ರಲ್ಲಿ ಕರಾಚಿಯಲ್ಲಿ ಇನ್ನೊಂದು ಹಾಗೆಯೇ ಆಗಿ 11 ಜನ ಸತ್ತರು. ಕೊನೆಗೆ ರೆಕ್ಕೆಯ ಮುಂದಂಚಿನ ಆಕಾರವನ್ನೇ ಬದಲಾಯಿಸಬೇಕಾಯಿತು.

1954ರ ಜನವರಿಯಲ್ಲಿ ಇನ್ನೊಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಬಳಿ ಆಕಾಶದಲ್ಲೇ ಒಡೆದು 35 ಜನ ಸತ್ತರು. ಹಾರಾಟ ನಿಲ್ಲಿಸಿದರು. ಬೆಂಕಿಯೇ ಕಾರಣವಿರಬೇಕೆಂದು ಊಹಿಸಿ ಹಲವು ಮಾರ್ಪಾಡು ಮಾಡಿದರು. ನಿಜವಾದ ಕಾರಣ ಸಿಕ್ಕಿರಲಿಲ್ಲ. ಆದರೂ ಮಾರ್ಚ್ 23ರಂದು ಮತ್ತೆ ಹಾರಿಸಿದರು. ಹದಿನಾರೇ ದಿನ! ಏಪ್ರಿಲ್ 8ರಂದು ಇನ್ನೊಂದು ಸಮುದ್ರಕ್ಕೆ ಬಿದ್ದು 21 ಜನ ಸತ್ತರು.

ಆಗ ನಿಜವಾದ ಶೋಧನೆ ನಡೆಯಿತು. ಬಹಳ ಹಾರಿದ್ದ ಒಂದು ವಿಮಾನದ ಒಡಲನ್ನು ಫಾರ್ನ್‌ಬರೋದಲ್ಲಿ ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ ನೋಡಿದರು. ಒಂದು ಏರಿಳಿತವೆಂದರೆ ಒಂದು ಹಾರಾಟದ ಲೆಕ್ಕ. ಹಳೆಯ ಹಾರಾಟಗಳೂ ಸೇರಿ ಸುಮಾರು 3,000 ಆದಾಗ ಒಂದು ಕಿಂಡಿಯ ಮೂಲೆಯಿಂದ ಒಡಲು ಸೀಳಿತು. ತಂತಿಯನ್ನು ಮತ್ತೆ ಮತ್ತೆ ಬಗ್ಗಿಸಿದರೆ ತುಂಡಾಗುವುದಿಲ್ಲವೇ? ಹಾಗೆಯೇ ಲೋಹ ದಣಿದಿತ್ತು. ಆಮೇಲೆ ತಗಡನ್ನು ದಪ್ಪ ಮಾಡಿ ಕಟ್ಟಿದ ಕಾಮೆಟ್ 1958ರಿಂದ ವರ್ಷಗಟ್ಟಲೆ ಹಾರಿತು.

ಈಗ ನಮ್ಮ ಗಿರಣಿಗೆ ಬನ್ನಿ. ಮಗ್ಗ ನಿಂತರೆ ಜಾಬರ್ ಮೊದಲು ನೋಡುವುದು ಮಗ್ಗವನ್ನಲ್ಲ, ಮಗ್ಗದ ಮುಂದಿನ ಮನುಷ್ಯನನ್ನು. ದಂಡ ಹಾಕಿದರೆ ಫೈಲು ಮುಚ್ಚಿತು. ಪಟ್ಟಿ ಮಾತ್ರ ಮುಂದಿನ ವಾರ ಮತ್ತೆ ಹರಿಯುತ್ತದೆ. ಕಾರ್ಮಿಕನ ತಪ್ಪು ಎಂದೂ ಇರುವುದಿಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಮೂರು ಪಾಳಿಯ ಮೂವರ ಕೈಯಲ್ಲೂ ಅದೇ ಪಟ್ಟಿ ಹರಿದರೆ, ತಪ್ಪು ಮೂವರದೋ, ಓರೆಯಾಗಿ ಕೂತ ಪುಲ್ಲಿಯದೋ?

ಇದನ್ನು ಬಾಯಲ್ಲಿ ಕೂಗಿದರೆ ಯಾರೂ ಕೇಳರು. ಅಗ್ಗದ್ದಾದರೂ ಸರಿ, ಖಾತೆಗೊಂದು ನೋಟ್‌ಬುಕ್ ಇಡಿ. ತಾರೀಖು, ಗಂಟೆ, ಮಗ್ಗದ ನಂಬರು, ಮುರಿದ ಭಾಗ, ಎಣ್ಣೆ ಬಿಟ್ಟ ದಿನ ಬರೆಯಿರಿ. ಅಕ್ಷರ ಬಾರದವರಿಗೆ ಬಲ್ಲವರು ಬರೆದುಕೊಡಿ. ಮುರಿದ ತುಂಡನ್ನು ಎಸೆಯಬೇಡಿ, ಸಾಕ್ಷಿ ಅದೇ. ವ್ಯಾಪಾರಿ ಬಂಧುಗಳು ದಿನದ ಲೆಕ್ಕ ಬರೆಯುವ ಹಾಗೆಯೇ ಯಂತ್ರದ ಲೆಕ್ಕವನ್ನೂ ಬರೆಯಲಿ. ಮುಂದೆ ದಂಡದ ಚೀಟಿ ಬಂದಾಗ ಕಚೇರಿಗೆ ಕೈ ಮುಗಿದುಕೊಂಡು ಹೋಗಬೇಡಿ, ನೋಟ್‌ಬುಕ್ ಹಿಡಿದುಕೊಂಡು ಹೋಗಿ.