ಬಸುರಿಯ ಮೊದಲ ಮೂರು ತಿಂಗಳು: ನಡಿಗೆಯೂ ದುಡಿಮೆಯೂ



ಬಸುರಾದ ಹೆಂಗಸು ಮೈ ದಣಿಸಬಹುದೋ ಕೂಡದೋ ಎಂಬ ಪ್ರಶ್ನೆಗೆ ನಮ್ಮ ಮನೆಗಳಲ್ಲಿ ಎರಡು ಉತ್ತರಗಳುಂಟು. ಓಡಾಡಿಕೊಂಡಿದ್ದರೆ ಹೆರಿಗೆ ಸುಲಭವೆಂದು ಒಬ್ಬ ಅಜ್ಜಿ ಹೇಳಿದರೆ, ಮೂರು ತಿಂಗಳು ತುಂಬುವವರೆಗೆ ಮೆಟ್ಟಿಲು ಹತ್ತಬೇಡವೆಂದು ಇನ್ನೊಬ್ಬರು ಹೇಳುವರು. ಇಂದಿನ ವೈದ್ಯಶಾಸ್ತ್ರವು ಮೊದಲನೆಯವರ ಪಕ್ಷಕ್ಕೇ ಹೆಚ್ಚಾಗಿ ವಾಲಿದೆ. ವೈದ್ಯರು ಬೇಡವೆನ್ನದ ಗರ್ಭಿಣಿಯರು ವಾರಕ್ಕೆ 150 ನಿಮಿಷಗಳಾದರೂ ಹದವಾದ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಲಹೆಯಿತ್ತಿತು. ಚುರುಕಾದ ನಡಿಗೆ ಇದಕ್ಕೆ ಸಾಕು. ಗರ್ಭಕಾಲದ ಮಧುಮೇಹದ ಭಯವೂ ಇದರಿಂದ ತಗ್ಗುವುದು. ಮೊದಲ ತಿಂಗಳುಗಳಲ್ಲಿ ಗರ್ಭವಿಳಿಯುವುದಕ್ಕೆ ಬಹುಮಟ್ಟಿಗೆ ಪಿಂಡದ ವರ್ಣತಂತುಗಳ ದೋಷವೇ ಕಾರಣವೇ ಹೊರತು ತಾಯಿಯ ನಡಿಗೆಯಲ್ಲ. ಇದನ್ನರಿಯದೆ ಎಷ್ಟು ಮಂದಿ ತಮ್ಮನ್ನು ತಾವೇ ಹಳಿದುಕೊಂಡಿರುವರೋ!

ಹಾಗಾದರೂ ಆ ದಿನಗಳಲ್ಲಿ ಹೆಂಗಸರು ನಡೆಯುವುದು ಕಡಮೆ. ಓಕರಿಕೆ, ಎಷ್ಟು ಮಲಗಿದರೂ ಹೋಗದ ಆಯಾಸ, ಭಯ, ಇವು ಎಲ್ಲರಿಗೂ ಸಮಾನ. ರಕ್ತಹೀನತೆಯೂ ಇದರೊಡನೆ ಸೇರುವುದು: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ ಗರ್ಭಿಣಿಯರ ಪೈಕಿ ನೂರಕ್ಕೆ 52 ಮಂದಿಯಲ್ಲಿ ಅದು ಕಂಡುಬಂದಿತು. ರಕ್ತವಿಲ್ಲದವಳಿಗೆ ವ್ಯಾಯಾಮದ ಉಪದೇಶಕ್ಕಿಂತ ಕಬ್ಬಿಣದ ಮಾತ್ರೆಯೂ ಊಟವೂ ಮೊದಲು ಸಲ್ಲಬೇಕು.

ಇನ್ನು ನಾಗಸಂದ್ರವನ್ನು ನೋಡೋಣ. ತುಮಕೂರು ರಸ್ತೆಯ ಈ ಊರಿಗೆ 2015ರಲ್ಲಿ ಮೆಟ್ರೋ ರೈಲು ಬಂದಿತು. ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳು. ಇಲ್ಲಿ ಒಬ್ಬಾಕೆ ಕಚೇರಿಯ ಗಣಕಯಂತ್ರದ ಮುಂದೆ ದಿನವೆಲ್ಲ ಕುಳಿತಿರುವಳು. ಆಕೆಗೆ ನಡಿಗೆ ಬೇಕು, ಆದರೆ ಲಾರಿಗಳ ಹೊಗೆಯ ನಡುವೆ ನಿರಾತಂಕವಾಗಿ ನಡೆಯುವುದೆಲ್ಲಿ? ಇನ್ನೊಬ್ಬಾಕೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಬಟ್ಟೆ ಪರೀಕ್ಷಿಸುತ್ತ ಹೊತ್ತೆಲ್ಲ ನಿಂತಿರುವಳು. ಸಂಜೆ ಮನೆಗೆ ಬಂದು ನೀರು ಹೊರುವಳು. 'ವ್ಯಾಯಾಮ ಮಾಡಮ್ಮಾ' ಎಂದು ಈಕೆಗೆ ಹೇಳುವುದು ಪರಿಹಾಸ್ಯವಾದೀತು. ತಾನೇ ಬಯಸಿದಾಗ ನಡೆದು, ದಣಿದಾಗ ಕುಳಿತುಕೊಳ್ಳಬಹುದಾದ ಚಟುವಟಿಕೆ ಬೇರೆ. ಗಂಟೆಗಟ್ಟಲೆ ನಿಲ್ಲುವುದೂ ಭಾರವೆತ್ತುವುದೂ ಬೇರೆ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಕೂಡದೆಂಬುದು ನಮ್ಮ ಅಭಿಪ್ರಾಯ.

ಈಕೆ ಏಕೆ ಬಾಯಿ ಬಿಡುವುದಿಲ್ಲ? ಮೂರು ತಿಂಗಳು ತುಂಬುವ ಮುನ್ನ ಬಸುರಿನ ಸುದ್ದಿಯನ್ನು ಹೊರಗೆಡಹಬಾರದೆಂಬುದು ಅನೇಕ ಮನೆಗಳ ಪದ್ಧತಿ. ದೃಷ್ಟಿಯ ಭಯವೊಂದು ಕಡೆ, ಕೆಲಸ ಹೋದೀತೆಂಬ ಭಯ ಇನ್ನೊಂದು ಕಡೆ. ಕಾನೂನೂ ಇಲ್ಲಿ ಅಷ್ಟಾಗಿ ನೆರವಾಗುವುದಿಲ್ಲ. ಗರ್ಭಿಣಿಯು ಕೇಳಿಕೊಂಡರೆ ಕಷ್ಟದ ಕೆಲಸವನ್ನೂ ಬಹುಹೊತ್ತು ನಿಲ್ಲುವ ಕೆಲಸವನ್ನೂ ಕೊಡಬಾರದೆಂದು 1961ರ ಹೆರಿಗೆ ಸೌಲಭ್ಯ ಕಾಯಿದೆ ವಿಧಿಸಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯೂ ಅದನ್ನು ಉಳಿಸಿಕೊಂಡಿತು. ಆದರೆ ಆ ರಕ್ಷಣೆ ಹೆರಿಗೆಗೆ ಸುಮಾರು ಹತ್ತು ವಾರಗಳಿರುವಾಗ ಮೊದಲಾಗುವುದು. ಓಕರಿಸುತ್ತ ನಿಂತಿರುವ ಎರಡನೆಯ ತಿಂಗಳಿನವಳಿಗೆ ಅದರಿಂದೇನು ಪ್ರಯೋಜನ? ಮೇಲ್ವಿಚಾರಕರು ಒಂದು ಕುರ್ಚಿಯನ್ನೂ ನಡುನಡುವೆ ಹತ್ತು ನಿಮಿಷದ ಬಿಡುವನ್ನೂ ಎಲ್ಲ ಹೆಂಗಸರಿಗೂ ಕೊಟ್ಟಲ್ಲಿ, ಯಾರೂ ಗುಟ್ಟನ್ನು ಹೇಳಬೇಕಾದ ಪ್ರಮೇಯವೇ ಇರದು.

ಆರೋಗ್ಯ ಕೇಂದ್ರದಲ್ಲಿ ಹನ್ನೆರಡು ವಾರಗಳೊಳಗೆ ಹೆಸರು ಬರೆಸಿ ತಾಯಿ ಕಾರ್ಡನ್ನು ಪಡೆಯುವಾಗಲೇ, ತನ್ನ ಕೆಲಸವೆಂಥದೆಂಬುದನ್ನು ವೈದ್ಯರಿಗೆ ತಿಳಿಸಿ, ಎಷ್ಟು ನಡೆಯಬಹುದೆಂದು ಕೇಳಬೇಕು. ರಕ್ತ ಕಂಡರೆ, ತಲೆ ಸುತ್ತಿದರೆ, ಎದೆ ನೊಂದರೆ ನಡಿಗೆಯನ್ನಾಗಲಿ ದುಡಿಮೆಯನ್ನಾಗಲಿ ಕೂಡಲೇ ನಿಲ್ಲಿಸಿ ವೈದ್ಯರನ್ನು ಕಾಣತಕ್ಕದ್ದು.