ಮುಳುಗಿದ್ದು ಬರೀ ಗೋಡೆಯಲ್ಲ

ಕ್ಯಾಮೆರಾ ಹೆಗಲಿಗೆ ಹಾಕಿಕೊಂಡೇ ಬಂದು ಕೂತಿರುವ ಗೆಳೆಯರೆ,

ಈ ಫೋಟೊ ಪ್ರದರ್ಶನದಲ್ಲಿ ದೀಪ ಹಚ್ಚುವ ಮೊದಲೇ ಕದ್ದು ಒಂದು ಸುತ್ತು ಹಾಕಿ ಬಂದೆ. ಮಂಜರಾಬಾದ್ ಕೋಟೆ, ಬಿಸಿಲೆ ಘಾಟಿಯ ಮಂಜು, ಕಾಫಿ ಹೂವು ಎಲ್ಲ ಇವೆ. ನಮ್ಮ ಸಕಲೇಶಪುರದಲ್ಲಿ ಪ್ರದರ್ಶನ ಅಂದಮೇಲೆ ಇವಿಲ್ಲದೆ ಆಗುವುದೂ ಇಲ್ಲ. ನಾನು ಹೆಚ್ಚು ಹೊತ್ತು ನಿಂತದ್ದು ಮಾತ್ರ ಶೆಟ್ಟಿಹಳ್ಳಿಯ ಚರ್ಚಿನ ಚಿತ್ರಗಳೆದುರು.

1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಗಾಥಿಕ್ ಶೈಲಿಯಲ್ಲಿ ಕಟ್ಟಿಸಿದ ರೋಸರಿ ಚರ್ಚು ಅದು. ಗಾರೆಗೆ ಬೆಲ್ಲ, ಮೊಟ್ಟೆ ಕಲಸಿದ್ದರಂತೆ. ಆಲೂರು, ಸಕಲೇಶಪುರದ ಎಸ್ಟೇಟ್ ದೊರೆಗಳಿಗಾಗಿ ಕಟ್ಟಿಸಿದ್ದು ಅಂತ ಹೋದವರೆಲ್ಲ ಹೇಳುತ್ತಾರೆ. ದೊರೆಗಳೂ ಬಂದಿರಬಹುದು, ಇಲ್ಲ ಎನ್ನುವುದಿಲ್ಲ. ಆದರೆ ಅಲ್ಲೊಂದು ಊರಿತ್ತು, ಊರ ತುಂಬ ಜನ ಇದ್ದರು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಎದ್ದು, 1979ರಲ್ಲಿ ಕೆಲಸ ಮುಗಿದು, ಹಿನ್ನೀರು ಹರಡಿದಾಗ ಮನೆ, ಗದ್ದೆ ಬಿಟ್ಟು ಎದ್ದು ಹೋದವರು ಅವರು.

ಮೂಡಿಗೆರೆ ಸೀಮೆಯಲ್ಲಿ ಹುಟ್ಟಿ ನಮ್ಮ ಪೇಟೆಯ ಸೇತುವೆ ಕೆಳಗೆ ಹಾದುಹೋಗುವ ಹೇಮಾವತಿಯೇ ಅಲ್ಲಿಗೂ ಹೋಗುವುದು. ಇಲ್ಲಿ ಆಷಾಢದ ಮಳೆ ಜಡಿದರೆ ಅಲ್ಲಿ ಕಮಾನುಗಳು ಮುಳುಗುತ್ತವೆ. ಜಲಾಶಯದ ಗರಿಷ್ಠ ಮಟ್ಟ 2922 ಅಡಿ. ರೈತರು ನಾಲೆಗೆ ನೀರು ಯಾವಾಗ ಬಿಡುತ್ತಾರೆಂದು ಪೇಪರಿನಲ್ಲಿ ಆ ದಿನದ ಮಟ್ಟ ನೋಡಿದರೆ, ಇಲ್ಲಿರುವ ಹುಡುಗರು ಚರ್ಚು ಎಷ್ಟು ಕಾಣುತ್ತದೆಂದು ನೋಡುತ್ತಾರೆ!

ಸಕಲೇಶಪುರಕ್ಕೆಂದು ಹೊರಟವರು ಹಾಸನದಲ್ಲಿ ಸುಮ್ಮನೆ ಶೆಟ್ಟಿಹಳ್ಳಿಯತ್ತ ಹೊರಳಿ, ಅರ್ಧ ಗಂಟೆ ನಿಂತು, ನಾಲ್ಕು ಫೋಟೊ ತೆಗೆದು ಬರುತ್ತಾರೆ. ತಪ್ಪೇನಿಲ್ಲ. ಅಂಥ ಅರ್ಧ ಗಂಟೆಯಲ್ಲೇ ಒಳ್ಳೆಯ ಚಿತ್ರ ಸಿಕ್ಕಿರುವುದಕ್ಕೆ ಈ ಗೋಡೆಗಳೇ ಸಾಕ್ಷಿ. ಎಡಗಡೆಯ ಒಂದು ಚಿತ್ರವನ್ನು ಹತ್ತಿರ ಹೋಗಿ ನೋಡಿ: ಗಾರೆ ಉದುರಿದ ಕಡೆ ಇಟ್ಟಿಗೆ ಹಲ್ಲುಬಿಟ್ಟಿದೆ, ಕಮಾನಿನ ಬುಡದಲ್ಲಿ ನೀರು ಇಳಿದ ಗೆರೆಗಳು ಒಂದರ ಮೇಲೊಂದು, ಸಂದಿಯಲ್ಲಿ ಬಿರುಕುಬಿಟ್ಟ ಕೆಸರು. ಪಕ್ಕದ ಚಿತ್ರದಲ್ಲಿ ಪ್ರೀ-ವೆಡ್ಡಿಂಗ್ ಜೋಡಿ. ಮದುವೆಗೆ ಮುಂಚೆ ಅಲ್ಲಿ ಹೋಗಿ ನಿಲ್ಲುವವರಿಗೆ, ಆ ಜಾಗದಲ್ಲೇ ನಿಜವಾಗಿ ಮದುವೆಯಾದವರ ನೆನಪು ಬರುವುದುಂಟೋ ಇಲ್ಲವೋ.

ನನ್ನ ತಕರಾರು ಇಷ್ಟೆ: ಈ ಚಿತ್ರಗಳಲ್ಲಿ ಊರಿನವರು ಒಬ್ಬರೂ ಇಲ್ಲ. ಸಾಹಿತಿ ಗೊರೂರು ರಾಮಸ್ವಾಮಿ ಅಯ್ಯಂಗಾರರು ಇದೇ ಹೇಮಾವತಿಯ ದಂಡೆಯವರು. ಅವರ ‘ಹಳ್ಳಿಯ ಚಿತ್ರಗಳು’ ಪುಸ್ತಕ ತೆಗೆದರೆ ಪುಟಪುಟದಲ್ಲೂ ಜನ. ನಮ್ಮ ಚಿತ್ರಗಳಲ್ಲಿ ಬರೀ ಮೋಡ, ನೀರು, ಗೋಡೆ. ಪಾಳು ಅಂದರೆ ನಮಗೆ ಅಷ್ಟು ಇಷ್ಟವಾಗಿಬಿಟ್ಟಿದೆ.

ಇನ್ನೊಂದು ಮಾತು. ಈಚಿನ ವರ್ಷಗಳ ಮಳೆಗೆ ಆ ಚರ್ಚು ಅಲ್ಲಲ್ಲಿ ಕುಸಿಯುತ್ತಿದೆ. ಹಾಗಾಗಿ ಪ್ರತಿ ಚಿತ್ರದ ಕೆಳಗೂ ತೆಗೆದ ತಾರೀಖು, ಅಂದಿನ ನೀರಿನ ಮಟ್ಟ ಬರೆಯಿರಿ. ಲೆನ್ಸು ಯಾವುದು ಅಂತ ಬರೆದಿದ್ದೀರಿ, ತಾರೀಖು ಬರೆದಿಲ್ಲ! ಯಾವ ಮಳೆಗಾಲಕ್ಕೆ ಯಾವ ಕಮಾನು ಹೋಯಿತು ಅನ್ನುವುದಕ್ಕೆ ನಾಳೆ ನಿಮ್ಮ ಚಿತ್ರಗಳೇ ದಾಖಲೆಯಾಗಬೇಕಾದೀತು.

ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಡಿಸಿದ್ದೇನೆ. ಶೆಟ್ಟಿಹಳ್ಳಿಯಲ್ಲಿ ಮನೆ ಇದ್ದವರು, ಆ ಚರ್ಚಿನಲ್ಲಿ ಜ್ಞಾನಸ್ನಾನವೋ ಮದುವೆಯೋ ಆದವರು ಈ ದಿನಗಳಲ್ಲಿ ಬಂದರೆ ಕೂರಿಸಿ, ಕಾಫಿ ಕೊಡಿ, ಬರೆಸಿಕೊಳ್ಳಿ. ಬರೆಯಲು ಬಾರದವರು ಹೇಳಲಿ, ನೀವು ಬರೆಯಿರಿ. ಒಪ್ಪಿದರೆ ಅವರದೂ ಒಂದು ಫೋಟೊ ತೆಗೆದು ಆ ಚರ್ಚಿನ ಚಿತ್ರಗಳ ಪಕ್ಕದಲ್ಲೇ ತೂಗುಹಾಕಿ, ಜಾಗ ಬಿಡಿಸಿಟ್ಟಿದ್ದೇನೆ.

ಪ್ರದರ್ಶನ ಉದ್ಘಾಟನೆಯಾಗಿದೆ. ಒಳಗೆ ಬನ್ನಿ.