ಸೂಜಿ ಚಿಕಿತ್ಸೆಯೂ ಮಗುವಿನ ಆಸೆಯೂ

(ಮಹಿಳಾ ಸ್ವ-ಸಹಾಯ ಸಂಘಗಳ ಒಕ್ಕೂಟದ ಸಭೆಯಲ್ಲಿ ಆರೋಗ್ಯ ಕಾರ್ಯಕರ್ತೆಯೊಬ್ಬರು ಮಾಡಿದ ಭಾಷಣದ ಬರಹರೂಪ)



ಹೋದ ತಿಂಗಳ ಸಭೆ ಮುಗಿಸಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬ ತಂಗಿ ಹತ್ತಿರ ಬಂದು ಮೆಲ್ಲಗೆ ಕೇಳಿದಳು: "ಅಕ್ಕ, ಪೇಟೆಯಲ್ಲಿ ಸೂಜಿ ಚುಚ್ಚಿ ಮಕ್ಕಳಾಗೋ ಹಾಗೆ ಮಾಡ್ತಾರಂತೆ. ಸಂಘದಲ್ಲಿ ಸಾಲ ಕೇಳ್ಲಾ?" ಅಷ್ಟರಲ್ಲಿ ಬಸ್ಸು ಬಂತು, ಉತ್ತರ ಕೊಡೋಕೆ ಆಗಲಿಲ್ಲ. ಅವಳ ಹೆಸರು ನಾನು ಹೇಳುವುದಿಲ್ಲ. ಆದರೆ ಉತ್ತರ ಇವತ್ತು ಕೊಡ್ತೀನಿ, ಯಾಕೆಂದರೆ ಅದೇ ಸಾಲವನ್ನು 2014ರಲ್ಲಿ ನಾನೂ ತೆಗೆದಿದ್ದೆ.

ನನ್ನ ಮದುವೆ ಆದದ್ದು 2009ರಲ್ಲಿ. ಐದು ವರ್ಷ ಮಡಿಲು ತುಂಬಲಿಲ್ಲ. ನಾದಿನಿಯ ಸೀಮಂತದಲ್ಲಿ ಆರತಿ ತಟ್ಟೆ ನನ್ನ ಕೈಗೆ ಬರುವ ಮೊದಲೇ ಇನ್ನೊಬ್ಬರ ಕೈಗೆ ದಾಟಿತು. ಯಾರೂ ಏನೂ ಅನ್ನಲಿಲ್ಲ, ನಾನೂ ನೋಡದವಳ ಹಾಗೆ ಒಳಗೆ ಹೋಗಿ ಲೋಟ ತೊಳೆದೆ. ಹರಕೆ ನನ್ನ ಹೆಸರಿಗೆ, ನಾಟಿ ಔಷಧಿ ನನ್ನ ಬಾಯಿಗೆ, ಉಪವಾಸ ನನ್ನ ಹೊಟ್ಟೆಗೆ. ಯಜಮಾನರನ್ನು ಯಾರೂ ಏನೂ ಕೇಳಲಿಲ್ಲ. ಅವರಿಗೂ ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲ ಅನ್ನಿ.

ಆಗ ಪಕ್ಕದ ಬೀದಿಯವರೊಬ್ಬರು ಆಕ್ಯುಪಂಕ್ಚರ್ ಬಗ್ಗೆ ಹೇಳಿದರು. ಅವರ ಅಕ್ಕನ ಮಗಳಿಗೆ ಮೂರು ತಿಂಗಳು ಸೂಜಿ ಹಾಕಿಸಿದ ಮೇಲೆ ನಿಂತಿತಂತೆ. ನಾನು ಸಂಘದಲ್ಲಿ ಹತ್ತು ಸಾವಿರ ಸಾಲ ಕೇಳಿದೆ. ನಿರ್ಣಯ ಪುಸ್ತಕದಲ್ಲಿ "ಆರೋಗ್ಯ" ಅಂತ ಬರೆಸಿದೆ. ವಾರಕ್ಕೆ ಎರಡು ಸಲ, ಒಂದು ಸಲಕ್ಕೆ ಮುನ್ನೂರು ರೂಪಾಯಿ, ಬಸ್ ಚಾರ್ಜು ಬೇರೆ. ಮೂರು ತಿಂಗಳಲ್ಲಿ 7,200 ರೂಪಾಯಿ ಸೂಜಿಗೇ ಹೋಯಿತು.

ಸೂಜಿ ಅಂದಾಕ್ಷಣ ಆಸ್ಪತ್ರೆಯ ಇಂಜೆಕ್ಷನ್ ನೆನೆಸಿಕೊಳ್ಳಬೇಡಿ. ಕೂದಲೆಳೆಯ ಹಾಗೆ ಸಣ್ಣ, ಒಳಗೆ ಔಷಧಿ ಇರೋದಿಲ್ಲ. ಕಾಲಿನ ಗಂಟಿನ ಹತ್ತಿರ, ಕಿಬ್ಬೊಟ್ಟೆಯಲ್ಲಿ, ಕೈಯಲ್ಲಿ, ಹಣೆಯಲ್ಲಿ ಚುಚ್ಚಿ ಅರ್ಧ ಗಂಟೆ ಹಾಗೇ ಬಿಡ್ತಾರೆ. ಇರುವೆ ಕಚ್ಚಿದ ಹಾಗೆ, ಆಮೇಲೆ ಸ್ವಲ್ಪ ಜೋಮು. ಮೈಯಲ್ಲಿ "ಚೀ" ಅನ್ನುವ ಶಕ್ತಿ ದಾರಿ ದಾರಿಯಾಗಿ ಹರಿಯುತ್ತೆ, ಅದು ಎಲ್ಲೋ ಕಟ್ಟಿಕೊಂಡರೆ ಸೂಜಿಯಿಂದ ಬಿಡಿಸಬಹುದು ಅನ್ನೋದು ಚೀನಾದವರ ಹಳೆಯ ನಂಬಿಕೆ. ಆ ದಾರಿಗಳು ಶರೀರ ಕೊಯ್ದು ನೋಡಿದವರಿಗೆ ಕಂಡಿಲ್ಲ. 1938ರಲ್ಲಿ ಚೀನಾಕ್ಕೆ ಸೇವೆಗೆ ಹೋದ ಐದು ಜನ ಭಾರತೀಯ ವೈದ್ಯರಲ್ಲಿ ಡಾ. ಕೋಟ್ನಿಸ್ ಹೆಸರು ನೀವು ಕೇಳಿರಬಹುದು. ಅದೇ ತಂಡದ ಡಾ. ಬಸು ಮುಂದೆ ಚೀನಾದಲ್ಲಿ ಈ ವಿದ್ಯೆ ಕಲಿತು ಕಲ್ಕತ್ತಾಕ್ಕೆ ತಂದರು. 2019ರಲ್ಲಿ ನಮ್ಮ ಕೇಂದ್ರ ಸರ್ಕಾರ ಇದನ್ನು ಒಂದು ಚಿಕಿತ್ಸಾ ಪದ್ಧತಿ ಅಂತ ಗುರುತಿಸಿತು. ಹಾಗಂತ ಇದರಿಂದ ಮಕ್ಕಳಾಗುತ್ತೆ ಅಂತ ಸರ್ಕಾರ ಹೇಳಿದ ಹಾಗಲ್ಲ.

ಒಂದು ನಿಜ ಒಪ್ಪಿಕೊಳ್ತೀನಿ. ಅಲ್ಲಿ ಮಲಗಿದ ಆ ಅರ್ಧ ಗಂಟೆ ನನಗೆ ಬಹಳ ಹಿತವಾಗಿತ್ತು. ನಿದ್ದೆ ಬರುತ್ತಾ, ಊಟ ಸೇರುತ್ತಾ, ಮುಟ್ಟು ಸರಿಯಾಗಿ ಆಗುತ್ತಾ ಅಂತ ಸೂಜಿ ಹಾಕುವವರು ನಿಧಾನವಾಗಿ ಕೇಳುತ್ತಿದ್ದರು. ಐದು ವರ್ಷದಲ್ಲಿ ನನ್ನನ್ನು ಹಾಗೆ ಕೂರಿಸಿಕೊಂಡು ಯಾರೂ ಕೇಳಿರಲಿಲ್ಲ. ಸುಖನಿದ್ದೆ ಬಂತು. ಮಗು ಮಾತ್ರ ಆಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ, ಸಂಘದವರಿಗೆ ಲೆಕ್ಕ ಹೊಸದಲ್ಲ. 2002ರಲ್ಲಿ ಜರ್ಮನಿಯಲ್ಲಿ 160 ಹೆಂಗಸರ ಮೇಲೆ ಒಂದು ಅಧ್ಯಯನ ಆಯಿತು. ಎಲ್ಲರೂ ಪ್ರನಾಳ ಶಿಶು ಚಿಕಿತ್ಸೆಯಲ್ಲಿದ್ದವರು. (ಆ ಚಿಕಿತ್ಸೆ ಬಗ್ಗೆ ಧರ್ಮಸಭೆಯ ನಿಲುವು ಬೇರೆ, ಆ ಚರ್ಚೆ ಇವತ್ತು ಬೇಡ. ನಾನು ಸೂಜಿಯ ಲೆಕ್ಕ ಮಾತ್ರ ಹೇಳ್ತಿದ್ದೀನಿ.) ಸೂಜಿ ಹಾಕಿಸಿಕೊಂಡವರಲ್ಲಿ ನೂರಕ್ಕೆ 42 ಜನ ಗರ್ಭಿಣಿಯರಾದರು, ಉಳಿದವರಲ್ಲಿ 26. ಆ ಸುದ್ದಿ ಲೋಕವೆಲ್ಲ ಹಬ್ಬಿತು. ಆದರೆ ಅಲ್ಲಿ ಸೂಜಿ ಯಾರಿಗೆ ಬಿತ್ತು, ಯಾರಿಗೆ ಇಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆಮೇಲೆ ಬಂದ ಸಂಶೋಧಕರು ಒಂದು ಉಪಾಯ ಮಾಡಿದರು. ಅರ್ಧ ಜನರಿಗೆ ನಿಜವಾದ ಸೂಜಿ, ಅರ್ಧ ಜನರಿಗೆ ಚುಚ್ಚಿದ ಹಾಗೆ ಅನ್ನಿಸುವ, ಒಳಗೆ ಹೋಗದ ಸುಳ್ಳು ಸೂಜಿ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನಲ್ಲಿ 848 ಹೆಂಗಸರ ಮೇಲೆ ಹೀಗೆ ಮಾಡಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ನಿಜದ ಸೂಜಿಯವರಲ್ಲಿ ನೂರಕ್ಕೆ 18 ಜನರಿಗೆ ಮಗು ಹುಟ್ಟಿತು. ಸುಳ್ಳು ಸೂಜಿಯವರಲ್ಲೂ ನೂರಕ್ಕೆ ಸುಮಾರು 18.

ಇನ್ನೊಂದು ಅಧ್ಯಯನ ಸೂಜಿಯ ತವರು ಚೀನಾದಲ್ಲೇ ನಡೆದದ್ದು, ಪ್ರಕಟವಾದದ್ದು 2017ರಲ್ಲಿ. ಪಿಸಿಓಡಿ ಅಂತೀವಲ್ಲ, ಅಂಡಾಶಯದಲ್ಲಿ ನೀರುಗುಳ್ಳೆಯ ತೊಂದರೆ, ಅದು ಇದ್ದ ಸಾವಿರ ಹೆಂಗಸರು. ಅಂಡ ಬಿಡುಗಡೆಯಾಗುವಂತೆ ಮಾಡುವ ಮಾತ್ರೆ ತಗೊಂಡವರಲ್ಲಿ ನೂರಕ್ಕೆ ಸುಮಾರು 29 ಜನರಿಗೆ ಮಗುವಾಯಿತು, ಸುಳ್ಳು ಮಾತ್ರೆ ತಗೊಂಡವರಲ್ಲಿ ಸುಮಾರು 15. ಸೂಜಿ ಸೇರಿಸಿದ್ದರಿಂದ ಹೆಚ್ಚೇನೂ ಆಗಲಿಲ್ಲ. ಇಲ್ಲಿ ಒಂದು ವಿಷಯ ಗಮನಿಸಿ. ಸೂಜಿಯೂ ಸುಳ್ಳು, ಮಾತ್ರೆಯೂ ಸುಳ್ಳು, ಅಂಥವರಲ್ಲೂ ನೂರಕ್ಕೆ ಸುಮಾರು 17 ಜನ ತಾಯಂದಿರಾದರು! ತಡವಾದರೂ ತಾನಾಗಿಯೇ ನಿಲ್ಲುವುದುಂಟು. ಹಾಗಾಗಿ ಪಕ್ಕದ ಬೀದಿಯವರು ನನಗೆ ಸುಳ್ಳು ಹೇಳಲಿಲ್ಲ. ಸೂಜಿ ಹಾಕಿಸಿದ್ದು ನಿಜ, ಮಗುವಾದದ್ದೂ ನಿಜ. ಅದರಿಂದಲೇ ಇದು ಆಯಿತು ಅನ್ನೋದನ್ನು ಮಾತ್ರ ನಾವು ಸೇರಿಸಿಕೊಳ್ತೀವಿ.

ನನಗೆ ಸಂಕಟ ಆಗೋದು ಹೋದ ದುಡ್ಡಿಗಲ್ಲ, ಹೋದ ತಿಂಗಳುಗಳಿಗೆ. ಸೂಜಿ ನಡೀತಿದೆಯಲ್ಲ ಅಂತ ನಾನು ಯಾವ ಪರೀಕ್ಷೆಗೂ ಹೋಗಲಿಲ್ಲ. 2015ರಲ್ಲಿ ಒಬ್ಬ ಲೇಡಿ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಮೊದಲ ಮಾತು: "ಯಜಮಾನರ ವೀರ್ಯ ಪರೀಕ್ಷೆ ಎಲ್ಲಿ?" ನಾನು ತಲೆ ತಗ್ಗಿಸಿದೆ. ಮನೆಯಲ್ಲಿ ಹೇಳೋಕೆ ಹದಿನೈದು ದಿನ ಬೇಕಾಯಿತು. ಮೊದಲು ರೇಗಾಡಿದರು, ಎರಡು ದಿನ ಮಾತು ಬಿಟ್ಟರು, ಕೊನೆಗೆ ಬಂದರು. ಪರೀಕ್ಷೆಗೆ ಕೊಟ್ಟದ್ದು 250 ರೂಪಾಯಿ. ವೀರ್ಯಾಣು ಬಹಳ ಕಡಿಮೆ, ವೃಷಣದ ರಕ್ತನಾಳ ಊದಿಕೊಂಡಿದೆ ಅಂತ ಬಂತು. ನನ್ನ ಮೈಗೆ ಎಷ್ಟು ಸೂಜಿ ಚುಚ್ಚಿದರೆ ಅವರ ರಕ್ತನಾಳ ಸರಿಹೋದೀತು, ನೀವೇ ಹೇಳಿ! ಅವರಿಗೆ ಆಪರೇಷನ್ ಆಯಿತು, ಬೀಡಿಯನ್ನೂ ಬಿಟ್ಟರು. 2017ರಲ್ಲಿ ಮಗಳು ಹುಟ್ಟಿದಳು. ಆಪರೇಷನ್‌ನಿಂದಲೇ ಆಯಿತು ಅಂತ ನಾನು ಆಣೆ ಮಾಡಲಾರೆ, ಈಗ ತಾನೇ ಹೇಳಿದ ಲೆಕ್ಕ ನನಗೂ ಸೇರುತ್ತೆ.

ಅದಕ್ಕೇ ಆ ತಂಗಿಗೆ ನನ್ನ ಉತ್ತರ ಇದು. ಗಂಡ ಹೆಂಡತಿ ಒಟ್ಟಿಗಿದ್ದು ಒಂದು ವರ್ಷ ಆದರೂ ನಿಲ್ಲದಿದ್ದರೆ ಇಬ್ಬರೂ ಡಾಕ್ಟರ ಹತ್ತಿರ ಹೋಗಿ. ವಯಸ್ಸು ಮೂವತ್ತೈದು ದಾಟಿದ್ದರೆ ಆರು ತಿಂಗಳಿಗೇ ಹೋಗಿ. ಗಂಡ ಬೆಂಗಳೂರಿನಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಮಾತ್ರ ಬರುವುದಾದರೆ ಅದೇ ಒಂದು ಕಾರಣ ಇರಬಹುದು, ನಗಬೇಡಿ. ಮೊಟ್ಟೆಯ ಬಿಳಿಯ ಹಾಗೆ ಜಾರುವ, ಎಳೆದರೆ ಎಳೆಯಾಗುವ ಸ್ರಾವ ಕಾಣುವ ದಿನಗಳೇ ಗರ್ಭ ನಿಲ್ಲುವ ದಿನಗಳು. ಸ್ವಾಭಾವಿಕ ಕುಟುಂಬ ಯೋಜನೆಯ ತರಗತಿಗೆ ಬಂದವರಿಗೆ ಇದು ಗೊತ್ತು. ಗಂಡನಿಗೆ ವೀರ್ಯ ಪರೀಕ್ಷೆ, ನಿಮಗೆ ಥೈರಾಯ್ಡ್ ಮತ್ತು ಸ್ಕ್ಯಾನಿಂಗ್, ಡಾಕ್ಟರ್ ಹೇಳಿದರೆ ನಾಳದ ಪರೀಕ್ಷೆ. ನಮ್ಮ ದೇಶದಲ್ಲಿ ಕ್ಷಯರೋಗದಿಂದಲೂ ಗರ್ಭನಾಳ ಮುಚ್ಚಿಕೊಳ್ಳುತ್ತೆ. ಮುಚ್ಚಿದ ನಾಳವನ್ನು ಕಾಲಿಗೆ ಹಾಕಿದ ಸೂಜಿ ತೆರೆಯೋದಿಲ್ಲ. ಮಗುವಿಗೆ ಕಾಯುವವರು ಫೋಲಿಕ್ ಆಸಿಡ್ ಮಾತ್ರೆಯನ್ನು ಗರ್ಭ ನಿಲ್ಲುವ ಮೊದಲೇ ಶುರುಮಾಡಬೇಕು, ಆಶಾ ಕಾರ್ಯಕರ್ತೆಯನ್ನು ಕೇಳಿ.

ಇಷ್ಟಾದ ಮೇಲೂ ಮನಸ್ಸಿನ ಸಮಾಧಾನಕ್ಕೆ ಸೂಜಿ ಬೇಕು ಅನ್ನಿಸಿದರೆ ನಾನು ಬೇಡ ಅನ್ನೋದಿಲ್ಲ. ಕೈಯಲ್ಲಿದ್ದ ದುಡ್ಡಲ್ಲಿ ಮಾಡಿಸಿ, ಸಾಲ ಮಾಡಿ ಬೇಡ. ನಿಮ್ಮ ಕಣ್ಣೆದುರೇ ಹೊಸ ಪ್ಯಾಕೆಟ್ ಒಡೆಯಬೇಕು, ಒಬ್ಬರಿಗೆ ಹಾಕಿದ ಸೂಜಿ ಇನ್ನೊಬ್ಬರಿಗೆ ಹಾಕಿದರೆ ಕಾಮಾಲೆ, ಎಚ್.ಐ.ವಿ. ಹರಡುವ ಭಯ ಉಂಟು. ಮುಟ್ಟು ತಡವಾಗಿದ್ದರೆ ಮೊದಲೇ ತಿಳಿಸಿ, ಕೆಲವು ಜಾಗಕ್ಕೆ ಬಸುರಿಯರಿಗೆ ಹಾಕೋದಿಲ್ಲ. ಥೈರಾಯ್ಡ್, ಸಕ್ಕರೆ ಮಾತ್ರೆ ನಿಲ್ಲಿಸು ಅಂದರೆ ನಿಲ್ಲಿಸಬೇಡಿ. "ಮಗು ಗ್ಯಾರಂಟಿ" ಅಂದವರ ಮೆಟ್ಟಿಲು ಇಳಿದುಬಿಡಿ.

ಸಂಘದ ಪ್ರತಿನಿಧಿಗಳಿಗೆ ಒಂದು ಮಾತು. ಇಂಥ ಸಾಲದ ಅರ್ಜಿ ಬಂದರೆ ಎಲ್ಲರ ಮುಂದೆ ಕಾರಣ ಕೆದಕಬೇಡಿ. ಒಬ್ಬರು ಪಕ್ಕಕ್ಕೆ ಕರೆದು ಕೇಳಿ, ಇಬ್ಬರದೂ ಪರೀಕ್ಷೆ ಆಗಿದೆಯಾ ಅಂತ. ಆಗಿಲ್ಲವಾದರೆ ಮೊದಲು ಅದಕ್ಕೆ ಸಾಲ ಕೊಡಿ.

ಎಲ್ಲ ಪರೀಕ್ಷೆ, ಎಲ್ಲ ಔಷಧಿ ಆಗಿಯೂ ಮಗುವಾಗದವರು ಈ ಸಭೆಯಲ್ಲೇ ಇದ್ದೀರಿ, ನನಗೆ ಗೊತ್ತು. ನಿಮಗೆ ಹೇಳೋಕೆ ನನ್ನ ಹತ್ತಿರ ಹೊಸ ಉಪಾಯ ಇಲ್ಲ. ಆದರೆ ಈ ಒಕ್ಕೂಟದ ಯಾವ ಸೀಮಂತದಲ್ಲೂ ಆರತಿ ತಟ್ಟೆ ನಿಮ್ಮನ್ನು ದಾಟಿ ಹೋಗಬಾರದು ಅಂತ ಇವತ್ತೇ ನಿರ್ಣಯ ಬರೆಯಬಹುದು ಅಂತ ಅಧ್ಯಕ್ಷರನ್ನು ಕೇಳಿಕೊಳ್ತೀನಿ.

ಈಗ ಊಟದ ಹೊತ್ತಾಯಿತು. ಎಲ್ಲರೆದುರು ಕೇಳೋಕೆ ನಾಚಿಕೆ ಅನ್ನಿಸಿದವರು ಹಿಂದಿನ ಬೆಂಚಿಗೆ ಬನ್ನಿ, ನಾನು ಮೂರು ಗಂಟೆವರೆಗೂ ಅಲ್ಲೇ ಕೂತಿರ್ತೀನಿ. ಯಜಮಾನರನ್ನು ಕರಕೊಂಡು ಬಂದಿದ್ದರೆ ಅವರನ್ನೂ ಕರೀರಿ.